ಕೆರೆಯ ಏರಿಯ ಮೇಲೆ ಒಂದು ಭಾನುವಾರ

ಬಲಿಪೂಜೆ ಮುಗಿದು ದೇವಾಲಯದ ಮೆಟ್ಟಿಲಿಳಿದ ಮೇಲೆ ಉಳಿದ ಭಾನುವಾರವನ್ನು ನೀವು ಏನು ಮಾಡುತ್ತೀರಿ? ಗಾಬರಿಯಾಗಬೇಡಿ, ಇದು ಪಾಪನಿವೇದನೆಯ ಪ್ರಶ್ನೆಯಲ್ಲ. ಮಕ್ಕಳಿಗೆ ಬೇಸಿಗೆ ರಜೆ; ಟಿ.ವಿ. ಇಲ್ಲವೇ ಮೊಬೈಲ್ ಮುಂದೆ ಕೂರುತ್ತಾರೆ. ಹಿರಿಯರಿಗೆ ವಾರವಿಡೀ ಬಾಕಿ ಉಳಿದ ಕೆಲಸ. ಸಂಜೆಯಾಗುವಷ್ಟರಲ್ಲಿ ಸೋಮವಾರದ ಚಿಂತೆ. ಪ್ರಭುವಿನ ದಿನ ಬೆಳಗಿನ ಒಂದು ಗಂಟೆಗೆ ಕುಗ್ಗಿಹೋಗಿದೆ.

ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ 1247ನೆಯ ವಿಧಿ ಎಂಬುದೊಂದಿದೆ. ಅದರ ಮೊದಲರ್ಧ ನಮಗೆಲ್ಲ ಗೊತ್ತು: ಬಲಿಪೂಜೆಯಲ್ಲಿ ಭಾಗವಹಿಸಬೇಕು. ಉಳಿದರ್ಧವನ್ನು ನಾವು ಓದುವುದು ಕಡಿಮೆ. ದೇವಾರಾಧನೆಗೆ, ಆ ದಿನಕ್ಕೆ ತಕ್ಕ ಸಂತೋಷಕ್ಕೆ, ಮನಸ್ಸು ಮತ್ತು ದೇಹದ ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸಗಳಿಂದ ದೂರವಿರಬೇಕೆಂದು ಅದು ಹೇಳುತ್ತದೆ. ಸಂತೋಷವೂ ಕಟ್ಟಳೆಯೊಳಗೆ ಸೇರಿದೆ, ನೋಡಿ! ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1998ರಲ್ಲಿ ಬರೆದ 'ದಿಯೆಸ್ ದೋಮಿನಿ' ಪತ್ರದಲ್ಲೂ ಭಾನುವಾರಕ್ಕೆ ಸಂತೋಷ, ವಿಶ್ರಾಂತಿ, ಪರಸ್ಪರ ಕಾಳಜಿ ಎಂಬ ಮೂರು ಮುಖಗಳಿವೆ.

ಸಂತ ಯೊವಾನ್ನರ ಬಗ್ಗೆ ಹಳೆಯ ಕಥೆಯೊಂದಿದೆ. ಕಾಸಿಯನ್ ಎಂಬ ಸನ್ಯಾಸಿ ಬರೆದಿಟ್ಟದ್ದು. ಸಂತ ಥಾಮಸ್ ಅಕ್ವಿನಾಸರೂ ಇದನ್ನು ನೆನೆಯುತ್ತಾರೆ. ಪ್ರೇಷಿತರು ವಿರಾಮವಾಗಿ ಕುಳಿತದ್ದನ್ನು ಕಂಡು ಒಬ್ಬಾತ ಮೂಗು ಮುರಿದನಂತೆ. ಅವನ ಕೈಯಲ್ಲಿ ಬಿಲ್ಲಿತ್ತು. "ಇದನ್ನು ಸದಾ ಬಿಗಿದೇ ಇಡುತ್ತೀಯಾ?" ಎಂದರು ಯೊವಾನ್ನರು. ಹಾಗಿಟ್ಟರೆ ಬಿಲ್ಲು ಕೆಡುತ್ತದೆಂದು ಅವನೇ ಒಪ್ಪಿಕೊಂಡ. ಕಾಸಿಯನ್ ಹೇಳುವಂತೆ ಆಗ ಯೊವಾನ್ನರು ಒಂದು ಕೌಜುಗ ಹಕ್ಕಿಯ ಮೈದಡವುತ್ತಿದ್ದರು. ಸೆಮಿನರಿಯ ತತ್ವಶಾಸ್ತ್ರದ ಪಾಠಗಳಲ್ಲಿ ನನಗೆ ಮರೆಯದೆ ಉಳಿದ ಕೆಲವೇ ಸಂಗತಿಗಳಲ್ಲಿ ಈ ಹಕ್ಕಿಯೂ ಒಂದು.

ಕಳೆದ ಬೇಸಿಗೆಯಲ್ಲಿ ನಮ್ಮ ಧರ್ಮಕೇಂದ್ರದ ನಾಲ್ಕೈದು ಕುಟುಂಬಗಳು ಒಂದು ಭಾನುವಾರವನ್ನು ಹೀಗೆ ಕಳೆದೆವು. ಪೂಜೆಯ ನಂತರ ಮರದ ನೆರಳಲ್ಲಿ ಚಾಪೆ ಹಾಸಿ ಗಂಟಿನ ಜಪಸರ ಹೆಣೆಯುವುದು. ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವುದು.

ಜಪಸರ ಹೆಣೆಯಲು ಬೇಕಾದದ್ದು ಸುಮಾರು 25 ಅಡಿ ನೈಲಾನ್ ಹುರಿ, ಒಂದು ಪುಟ್ಟ ಶಿಲುಬೆ, ತುಸು ತಾಳ್ಮೆ. ಹುರಿಯನ್ನು ಬೆರಳಿಗೆ ಮೂರು ಸುತ್ತು ಸುತ್ತಿ, ತುದಿಯನ್ನು ಸುತ್ತುಗಳ ಒಳಗಿನಿಂದ ಹಾಯಿಸಿ ಮೆಲ್ಲಗೆ ಎಳೆದರೆ ಒಂದು ನಮೋ ಮರಿಯ. ನಾಲ್ಕು ಸುತ್ತಾದರೆ ಪರಲೋಕ ಮಂತ್ರದ ದೊಡ್ಡ ಮಣಿ. ಸಣ್ಣವು 53, ದೊಡ್ಡವು 6, ಒಟ್ಟು 59. ಕೊನೆಗೆ ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟರೆ ಹುರಿ ಬಿಚ್ಚಿಕೊಳ್ಳುವುದಿಲ್ಲ. ಅವಸರ ಮಾಡಿದರೆ ಗಂಟು ತಪ್ಪಿದ ಜಾಗದಲ್ಲಿ ಬೀಳುತ್ತದೆ, ಬಿಗಿದ ಮೇಲೆ ಬಿಡಿಸುವುದು ಕಷ್ಟ. ಪ್ರಭುವು ಕರೆದಾಗ ಯಕೋಬ ಯೊವಾನ್ನರು ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರಲ್ಲವೇ? ಅವರಿಗೂ ಗಂಟಿನ ಕೆಲಸ ಗೊತ್ತಿತ್ತು ಎಂದು ಹೇಳಿದಾಗ ಹುಡುಗರ ಕೈ ಚುರುಕಾಯಿತು.

ಆ ದಿನ ನಾನು ಎಡವಿದ್ದು ಬೇರೆ ಕಡೆ. ಗುರುನಿವಾಸದಲ್ಲಿ ಅಡುಗೆ ಮಾಡುವ ಅಮ್ಮನನ್ನು "ನೀವೂ ಬನ್ನಿ" ಎಂದು ಕರೆದೆ. ಆಕೆ ನಕ್ಕರು. "ನೀವೆಲ್ಲ ಹೋಗ್ಬನ್ನಿ ಸ್ವಾಮಿ. ಭಾನುವಾರ ಅಂದ್ರೆ ನನಗೆ ಎರಡು ಒಲೆ ಕೆಲಸ."

ವಿಶ್ರಾಂತಿಯ ಬಗ್ಗೆ ಅಂದು ಬೆಳಿಗ್ಗೆಯಷ್ಟೇ ಪ್ರಬೋಧನೆ ಮಾಡಿದ್ದವನು ನಾನು! ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ತೆರೆದು ನೋಡಿ. ವಿಶ್ರಾಂತಿಯ ಆಜ್ಞೆ ಮನೆಯ ಯಜಮಾನನಿಗೆ ಮಾತ್ರವಲ್ಲ. ನಿನ್ನಂತೆಯೇ ನಿನ್ನ ಆಳುಗಳೂ ವಿಶ್ರಮಿಸಲಿ ಎಂಬುದು ಅಲ್ಲಿಯ ತಾತ್ಪರ್ಯ. ನಮ್ಮ ಮನೆಗಳಲ್ಲಿ ಭಾನುವಾರವೆಂದರೆ ಮಾಂಸದಡುಗೆ, ನೆಂಟರು, ಪಾತ್ರೆಯ ರಾಶಿ. ಎಲ್ಲರ ವಿಶ್ರಾಂತಿಗೆ ದುಡಿಯುವ ತಾಯಿಗೆ ಆ ದಿನ ಯಾವ ವಾರ?

ಗಂಡಸರಿಗೆ ಒಂದು ಮಾತು. ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ತಿಬೇರಿಯ ಸರೋವರದ ದಡಕ್ಕೆ ದಣಿದು ಬಂದ ಶಿಷ್ಯರಿಗೆ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ ಸಿದ್ಧವಾಗಿತ್ತು. ಸಿದ್ಧಪಡಿಸಿದವರು ಪುನರುತ್ಥಾನ ಹೊಂದಿದ ಪ್ರಭುವೇ. ಸೌಟು ಹಿಡಿದರೆ ನಮ್ಮ ಘನತೆಗೇನೂ ಕುಂದಿಲ್ಲ.

ಮುಂದಿನ ಭಾನುವಾರಕ್ಕೆ ಶನಿವಾರ ರಾತ್ರಿಯೇ ಯುವಕರು ಮೊಟ್ಟೆ ಬೇಯಿಸಿಟ್ಟರು. ಬೆಳಿಗ್ಗೆ ಮೊಸರನ್ನ ಕಲಸಿದರು, ಉಪ್ಪಿನಕಾಯಿ ಮನೆಮನೆಯಿಂದ ಬಂತು. ಅನ್ನ ಸ್ವಲ್ಪ ಮುದ್ದೆಯಾಗಿತ್ತು, ಯಾರೂ ದೂರಲಿಲ್ಲ.

ಸಂಜೆ ಕೆರೆಗೆ ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಕುವೆಂಪುರವರು ವಾಯುವಿಹಾರಕ್ಕೆ ಬರುತ್ತಿದ್ದ ಜಾಗ. ನೀರಿನ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆಗಳಿದ್ದವು. ಮಕ್ಕಳೇ, ನಿಮ್ಮ ದೇವಾಲಯದ ಪೀಠದಲ್ಲೋ ಪ್ರಸಾದ ಸಂಪುಟದ ಬಾಗಿಲಲ್ಲೋ ಮರಿಗಳ ನಡುವೆ ಎದೆಗೆ ಕೊಕ್ಕಿಟ್ಟ ಹಕ್ಕಿಯ ಕೆತ್ತನೆ ಇದೆಯೇ ಹುಡುಕಿ. ಇದ್ದರೆ ಅದು ಇದೇ. ತನ್ನ ರಕ್ತವನ್ನೇ ಕೊಟ್ಟು ಮರಿಗಳನ್ನು ಬದುಕಿಸುತ್ತದೆಂದು ಹಿಂದಿನವರು ನಂಬಿದ್ದರು. ನಿಜದಲ್ಲಿ ಅದು ಉಣಿಸುವುದು ಮೀನನ್ನೇ. ಆದರೂ ಪರಮಪ್ರಸಾದದ ಗುರುತಾಗಿ ಆ ಚಿತ್ರ ಶತಮಾನಗಳಿಂದ ಉಳಿದಿದೆ.

ಅಡುಗೆಯ ಅಮ್ಮ ನಮ್ಮೊಡನೆ ಒಂದು ಸುತ್ತು ನಡೆದು ಕಲ್ಲುಬೆಂಚಿನ ಮೇಲೆ ಕುಳಿತು ಹುರಿ ಕೈಗೆತ್ತಿಕೊಂಡರು. ಚಿಕ್ಕಂದಿನಿಂದ ಮಲ್ಲಿಗೆ ಕಟ್ಟಿದ ಬೆರಳುಗಳು. ಹಕ್ಕಿಗಳನ್ನೇ ನೋಡುತ್ತ, ಹುರಿಯತ್ತ ಕಣ್ಣೂ ಹಾಯಿಸದೆ, ಕತ್ತಲಾಗುವುದರೊಳಗೆ ಎರಡು ದಶಕ ಮುಗಿಸಿದರು. ಮರುವಾರ ಪೂರ್ತಿ ಸರವನ್ನು ಆಶೀರ್ವಾದಕ್ಕೆಂದು ತಂದರು. ನನ್ನದು ಇನ್ನೂ ಮೂರನೆಯ ದಶಕದಲ್ಲೇ ಇದೆ.