ಗುಳಿಗೆ ಎಣಿಸುವ ಮೊದಲು

ತಮ್ಮಾ, ಅಕ್ಕ ಗುಳಿಗೆ ತಪ್ಪಿಸುತ್ತಾಳೆಂದು ರೇಗಬೇಡ. ಎಚ್‌ಐವಿ ಇರುವ ಹೆಣ್ಣುಮಕ್ಕಳ ಜೊತೆ ವರ್ಷಗಟ್ಟಲೆ ಕೂತು ಮಾತಾಡಿದವಳು ನಾನು. ಗುಳಿಗೆ ಬಿಟ್ಟವರಲ್ಲಿ ಮರೆತು ಬಿಟ್ಟವರಿಗಿಂತ, ಇನ್ನು ಯಾರಿಗಾಗಿ ಬದುಕಲಿ ಎಂದು ಬೇಸತ್ತು ಬಿಟ್ಟವರನ್ನೇ ಹೆಚ್ಚು ಕಂಡಿದ್ದೇನೆ. ಉಳಿದ ಗುಳಿಗೆ ಎಣಿಸುವ ಮೊದಲು ಅವಳ ನಿದ್ದೆ, ಊಟ, ಮಾತು ಹೇಗಿದೆ ನೋಡು.

ನಮ್ಮಲ್ಲಿ ಬಸುರಿಯರಿಗೆಲ್ಲ ರಕ್ತಪರೀಕ್ಷೆ ಮಾಡಿಸುತ್ತಾರೆ. ಗಂಡಂದಿರು ಎಷ್ಟೋ ಸಲ ಅತ್ತ ಸುಳಿಯುವುದೇ ಇಲ್ಲ. ಹೀಗಾಗಿ ಮೊದಲು ಗೊತ್ತಾಗುವುದು ಹೆಂಡತಿಯ ಸೋಂಕು. ರೋಗ ತಂದವಳೂ ಅವಳೇ ಎಂಬ ಅಪವಾದ ತಾನಾಗಿ ಅವಳ ತಲೆಗೆ ಬರುತ್ತದೆ. ನಿನ್ನ ಅಕ್ಕ ಆ ಮಾತು ಹೊತ್ತುಕೊಂಡೇ ತವರಿಗೆ ಬಂದಿದ್ದಾಳೆ. ಇಲ್ಲಿ ನೋಡಿದರೆ ಅವಳ ತಟ್ಟೆ, ಲೋಟ ಬೇರೆ! ಜೊತೆಗೆ ಉಂಡರೆ, ಬಟ್ಟೆ ಒಗೆದರೆ, ಮಗುವನ್ನು ಎತ್ತಿಕೊಂಡರೆ ಎಚ್‌ಐವಿ ಅಂಟುವುದಿಲ್ಲ. ಅಮ್ಮನಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ನೀನೇ ಅಕ್ಕನ ಪಕ್ಕ ಕೂತು ಉಣ್ಣು. ನಿನ್ನ ಕೂಸನ್ನು ಅವಳ ಮಡಿಲಿಗೆ ಕೊಡು.

ಕೆಲವೊಮ್ಮೆ ಔಷಧಿಯೂ ಮನಸ್ಸನ್ನು ಕಾಡುತ್ತದೆ. ಹಿಂದೆ ಕೊಡುತ್ತಿದ್ದ ಎಫಾವಿರೆಂಜ್‌ನಿಂದ ಕೆಟ್ಟ ಕನಸು, ತಲೆಸುತ್ತು, ಮಂಕು ಎಂದು ಅತ್ತವರಿದ್ದಾರೆ. ಅದನ್ನು ಸುಳ್ಳು ನೆಪವೆಂದು ಬೈದ ಮನೆಯವರೂ ಇದ್ದಾರೆ. ಈಗಿನ ಡೊಲುಟೆಗ್ರಾವಿರ್‌ನಿಂದಲೂ ಕೆಲವರಿಗೆ ನಿದ್ದೆ ಕೆಡುತ್ತದೆ. ತಾವಾಗಿ ನಿಲ್ಲಿಸದೆ, ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದ ಡಾಕ್ಟರಿಗೆ ಹೇಳಿದರೆ ದಾರಿಯಿದೆ. ತಪ್ಪದೆ ಗುಳಿಗೆ ತೆಗೆದುಕೊಂಡು, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ತಗ್ಗಿ ಹಾಗೇ ಉಳಿದರೆ ಸಂಗಾತಿಗೂ ಲೈಂಗಿಕವಾಗಿ ಹರಡುವುದಿಲ್ಲ. ಅವಳ ಬಾಳು ಮುಗಿಯಿತೆಂದು ನೀವು ಮನೆಯವರೇ ತೀರ್ಮಾನಿಸಬೇಡಿ.

ಇನ್ನೊಂದು ಮಾತು. ಅವಳ ವಿಷಯ ನೆಂಟರಿಗೆ, ಗೆಳೆಯರಿಗೆ ಹೇಳುವ ಹಕ್ಕು ನಿನಗಿಲ್ಲ. ನಂಬಿ ಹೇಳಿಕೊಂಡದ್ದನ್ನು ಅವಳ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಸೋಂಕಿದೆ ಎಂದು ವಾಸದ ಮನೆಯಿಂದ ಹೊರಗೆ ಹಾಕುವಂತೆಯೂ ಇಲ್ಲ. ಗಂಡನ ಮನೆಯವರಿಗೂ ಅದು ಅನ್ವಯಿಸುತ್ತದೆ. ಅಕ್ಕ ಬಯಸಿದರೆ ಆ ಹಕ್ಕನ್ನು ಅವರಲ್ಲಿ ಕೇಳೋಣ.

ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಸಲ ಗುಳಿಗೆ ತರಲು ಅವಳೊಬ್ಬಳನ್ನೇ ಬಸ್ಸು ಹತ್ತಿಸಬೇಡ. ಒಂದು ದಿನದ ದುಡಿಮೆ ಹೋದರೂ ಹೋಗಲಿ, ಜೊತೆಗೆ ಹೋಗಪ್ಪ.