ಗಿಲಾವು ಮಾಡಿಸುವ ಮೊದಲು

ರಾಮದುರ್ಗ
ಕಾರ್ತಿಕ ಮಾಸ

ಚಿ. ತಂಗಿಗೆ ನಿನ್ನ ಕಾಕಾನ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊಣಕಾಲು ನೋವಿಗೆ ನಿನ್ನ ಕಾಕು ಮಾಳಿಗೆ ಹತ್ತುವುದನ್ನು ಬಿಟ್ಟಿದ್ದಾಳೆ. ಮಾತು ಮಾತ್ರ ಮೊದಲಿನಷ್ಟೇ ಜೋರು.

ಬೈಲಹೊಂಗಲದ ಮನೆಯ ಫೋಟೋಗಳನ್ನೆಲ್ಲ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಗುತ್ತಿಗೆದಾರ ಬರೆದುಕೊಟ್ಟ ಅಂದಾಜು ಪಟ್ಟಿಯನ್ನೂ ಓದಿದೆ. ಮುಂದಿನ ಮಣ್ಣಿನ ಗೋಡೆಯಿಂದ ಹಿಡಿದು ಹಿತ್ತಲ ಕಡೆಯ ಇಟ್ಟಂಗಿ ಕೋಣೆಗಳವರೆಗೆ ಎಲ್ಲ ಕೆತ್ತಿಹಾಕುವುದು, ಒಂದೇ ಸಮ ಸಿಮೆಂಟ್ ಗಿಲಾವು ಹೊಡೆಯುವುದು, ಪುಟ್ಟಿ ಹಚ್ಚಿ ಮೇಲೆ ಟೆಕ್ಸ್ಚರ್ ಪೇಂಟ್. "ಇಪ್ಪತ್ತು ವರ್ಷ ಹೊಳ್ಳಿ ನೋಡೂ ಹಂಗಿಲ್ರಿ" ಅಂದನಂತೆ. ಹೂಂ ಅನ್ನಲೇ ಎಂದು ಕೇಳಿದ್ದೀ. ಈಗಲೇ ಅನ್ನಬೇಡ.

ನಮ್ಮ ಸೀಮೆಯಲ್ಲಿ ಮನೆ ಕಟ್ಟಿಸಿದವರೆಲ್ಲ ಬಿಸಿಲನ್ನು ಬೈಯುತ್ತಾರೆ. ಬಿಸಿಲಿಗೆ ಗಿಲಾವು ಸೀಳಿತು, ಬಿಸಿಲಿಗೆ ಬಣ್ಣ ಹೋಯಿತು ಎಂದು. ಥಾಪಿ ಹಿಡಿದೇ ಹೊಟ್ಟೆ ಹೊರೆದ ನಾನು ಹೇಳುತ್ತೇನೆ, ಬಿಸಿಲು ಸಂದು ಮಾಡಿಕೊಡುತ್ತದೆ ಅಷ್ಟೇ. ಕೆಡಿಸುವುದು ಆ ಸಂದಿನಿಂದ ಒಳಗೆ ಹೊಕ್ಕ ನೀರು. ಕಿತ್ತೂರಿಗೆ ಇನ್ನೂ ಮಲೆನಾಡಿನ ಸೆರಗಿನ ಮಳೆ ತಾಗುತ್ತದೆ. ಅಲ್ಲಿಂದ ಮೂಡಣಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಅಂತ ಬಂದ ಹಾಗೆ ಮಳೆ ತೆಳ್ಳಗಾಗುತ್ತ ಹೋಗಿ, ಈ ಕೊನೆಯಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಮರಳುಗಾಡಲ್ಲ, ನಿಜ. ಆದರೆ ವೈಶಾಖದ ಮಧ್ಯಾಹ್ನ ಪಡುವಣ ಗೋಡೆಗೆ ಅಂಗೈ ಹಚ್ಚಿದವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಳೆ ಕಡಿಮೆ ಎಂಬ ಧೈರ್ಯದಲ್ಲಿ ಜನ ನೀರಿನ ದಾರಿ ನೋಡುವುದನ್ನೇ ಮರೆಯುತ್ತಾರೆ. ದಿನವಿಡೀ ಕಾದ ಗೋಡೆಗೆ ಸಂಜೆಯ ಗುಡುಗು ಮಳೆ ಅಡ್ಡ ಬಡಿದಾಗ ಕೂದಲೆಳೆಯಂಥ ಸೀಳಿದ್ದರೂ ಅದಕ್ಕೆ ಸಾಕು.

ನಿನ್ನ ಮೂರನೆಯ ಫೋಟೋ ತೆಗೆದು ನೋಡು. ಮಾಳಿಗೆಯ ಅಂಚಿನಿಂದ ಕಟ್ಟೆಯವರೆಗೆ ಒಂದು ಕಪ್ಪು ಪಟ್ಟೆ ಇಳಿದಿದೆ, ಅದರ ಬುಡದಲ್ಲಿ ಗಿಲಾವು ಮೊರದಗಲ ಉದುರಿದೆ. ಮೇಲಿನ ದೋಣಿ ಮುರಿದು ಗೋಡೆಗೆ ಸಮ ನಿಂತಿದೆ. ನಿಮ್ಮಜ್ಜ ಇಟ್ಟಾಗ ಅದು ಎರಡು ಗೇಣು ಮುಂದಕ್ಕೆ ಚಾಚಿತ್ತು, ನೀರು ಅಂಗಳದ ನಡುವೆ ಬೀಳುತ್ತಿತ್ತು. ಈಗ ಮಾಳಿಗೆಯ ನೀರೆಲ್ಲ ಗೋಡೆಯ ಮೈಮೇಲೆ. ಅಂದಾಜು ಪಟ್ಟಿಯಲ್ಲಿ ಲಕ್ಷಗಟ್ಟಲೆ ಲೆಕ್ಕ ಇದೆ, ಈ ದೋಣಿಯ ಹೆಸರೇ ಇಲ್ಲ! ಮೊದಲು ಅದನ್ನು ಹಾಕಿಸು. ಆಮೇಲೆ ಮಾಳಿಗೆಗೆ ಹೊಸ ಕರಲು ಮಣ್ಣು. ಹೊಲದಲ್ಲಿ ಹುಲ್ಲುಕಡ್ಡಿ ಬೆಳೆಯಗೊಡದ ಆ ಮಣ್ಣಿಗೆ ಮಾಳಿಗೆಯ ಮೇಲೆ ಭಾರಿ ಮರ್ಯಾದೆ. ಅದರಲ್ಲಿರುವ ಸೋಡಿಯಂನಿಂದಾಗಿ ನೀರು ಬಿದ್ದೊಡನೆ ಅದರ ಕಣಗಳು ಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತವೆ. ರಸಾಯನಶಾಸ್ತ್ರ ಓದದ ಹಿರಿಯರು ಇದನ್ನು ನೋಡಿ ನೋಡಿಯೇ ತಿಳಿದಿದ್ದರು.

ಇನ್ನು ಮುಂದಿನ ಮಣ್ಣಿನ ಗೋಡೆ. ಅದಕ್ಕೆ ಸಿಮೆಂಟ್ ಸುತಾರಾಂ ಬೇಡ. ಮಣ್ಣಿನ ಗೋಡೆ ನೆಲದಿಂದ ತುಸು ತೇವ ಹೀರುತ್ತದೆ, ಹೊರಗಿನ ಗಾಳಿಗೆ ಅದನ್ನು ಬಿಡುತ್ತದೆ. ಇದು ದಿನವೂ ನಡೆಯುವ ಕೆಲಸ. ಸಿಮೆಂಟ್ ಬಳಿದರೆ ಬಿಡುವ ದಾರಿ ಮುಚ್ಚಿತು, ಹೀರುವ ದಾರಿ ಹಾಗೇ ಉಳಿಯಿತು. ತೇವ ಒಳಗೇ ಕೂತು ಮೇಲಕ್ಕೇರುತ್ತದೆ. ಮೇಲಾಗಿ ಗಟ್ಟಿ ಸಿಮೆಂಟಿಗೂ ಮೆತ್ತನೆಯ ಮಣ್ಣಿಗೂ ಹಿಗ್ಗುವ ಕುಗ್ಗುವ ರೀತಿ ಬೇರೆ, ಹಿಡಿತ ಬೇಗ ಬಿಡುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ರಾಮದುರ್ಗದ ತಗ್ಗಿನ ಓಣಿಗಳಿಗೆ ನುಗ್ಗಿತಲ್ಲ, ಆಗ ನೋಡಿದ್ದನ್ನು ಹೇಳುತ್ತೇನೆ. ಬರೀ ಮಣ್ಣಿನ ಗೋಡೆಗಳು ಬಿದ್ದವು, ಅದನ್ನು ಮುಚ್ಚಿಡುವುದಿಲ್ಲ. ನೆರೆಗೆ ಯಾವ ಗಿಲಾವೂ ಅಡ್ಡ ನಿಲ್ಲದು. ಆದರೆ ಮೇಲೆ ಸಿಮೆಂಟ್ ಬಳಿದಿದ್ದ ಮಣ್ಣಿನ ಗೋಡೆಗಳು ನೀರು ಇಳಿದ ಮೇಲೂ ನೆಟ್ಟಗೆ ನಿಂತು ಜನರನ್ನು ನಂಬಿಸಿದವು. ಹೊರಗೆ ಒಣಗಿದ ಹಾಗೆ ಕಂಡರೂ ಆ ಚಿಪ್ಪು ಎಬ್ಬಿಸಿದರೆ ಒಳಗಿನ ಮಣ್ಣು ಮುದ್ದೆಯಾಗಿ ಕೈಗೆ ಬರುತ್ತಿತ್ತು. ಅಂಥ ಗೋಡೆಯ ಪಕ್ಕದಲ್ಲಿ ಹಾಸಿಗೆ ಹಾಸಿ ಮಲಗುವುದು ಹೇಗೆ?

ಗಿಲಾವು ಯಾವಾಗಲೂ ಗೋಡೆಗಿಂತ ಮೆತ್ತಗಿರಬೇಕು. ಅದು ಅಂಗಿ ಇದ್ದ ಹಾಗೆ, ಹರಿದರೆ ಅದು ಹರಿಯಲಿ, ಮೈಗೆ ಗಾಯ ಆಗದಿರಲಿ. ನಿನ್ನ ಗುತ್ತಿಗೆದಾರನ ಇಪ್ಪತ್ತು ವರ್ಷದ ಮಾತಿಗೂ ನನ್ನ ಮಾತಿಗೂ ಇರುವ ಜಗಳ ಇಷ್ಟೇ. ಹೊಳ್ಳಿ ನೋಡದೆ ಬಿಡುವ ಗೋಡೆ ಅವನಿಗೆ ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಕೈಯಾಡಿಸುವ ಗೋಡೆ ನನಗೆ ಬೇಕು. ಆಫ್ರಿಕದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿದೆ. ಅಲ್ಲಿ 1907ರಲ್ಲಿ ಕಟ್ಟಿದ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು. ಮಳೆಗಾಲಕ್ಕೆ ಮೊದಲು ಊರಿಗೆ ಊರೇ ಸೇರಿ, ಭತ್ತದ ಹೊಟ್ಟು ಕಲಸಿದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಪ್ರತಿವರ್ಷ ಅದಕ್ಕೆ ಮೆತ್ತುತ್ತಾರೆ. ಗೋಡೆಯಿಂದ ಹೊರಗೆ ಚಾಚಿದ ಮರದ ತೊಲೆಗಳೇ ಅವರಿಗೆ ಸಾರವೆ. ನಮ್ಮ ಅವ್ವ ಆಯಿ ಹಬ್ಬಕ್ಕೆ ಮುಂಚೆ ಗೋಡೆ ಸಾರಿಸುತ್ತಿದ್ದುದೂ ಇದೇ ಕೆಲಸ. ಅದನ್ನು ರಿಪೇರಿ ಅಂತ ಯಾರೂ ಕರೆಯಲಿಲ್ಲ, ಅದಕ್ಕೇ ಲೆಕ್ಕಕ್ಕೂ ಬರಲಿಲ್ಲ.

ಮಣ್ಣು ಕಲಸುವುದನ್ನು ಬರೆದು ಹೇಳುವುದು ಕಷ್ಟ, ಆದರೂ ಕೇಳು. ಹೊಲದ ಎರೆ ಮಣ್ಣು ಒಂದೇ ಬೇಡ, ಅದು ಒಣಗುವಾಗ ಕುಗ್ಗಿ ಹಪ್ಪಳದ ಹಾಗೆ ಏಳುತ್ತದೆ. ನಿನ್ನ ಗೋಡೆಯಿಂದ ಕೆತ್ತಿ ಬೀಳಿಸಿದ ಹಳೆಯ ಮಣ್ಣನ್ನು ಹೊರಗೆ ಚೆಲ್ಲಿಸಬೇಡ, ಅದೇ ಬಂಗಾರ. ಅದನ್ನು ಜರಡಿ ಹಿಡಿದು, ಉಸುಕು, ಗೋಧಿ ಹೊಟ್ಟು, ಸಗಣಿ ಸೇರಿಸಿ, ನೀರು ಹಾಕಿ ಒಂದು ವಾರವಾದರೂ ಕೊಳೆಯಲು ಬಿಡಬೇಕು. ದಿನಕ್ಕೊಮ್ಮೆ ಕಾಲಿನಿಂದ ತುಳಿಯಬೇಕು. ಹುಳಿ ವಾಸನೆ ಬಂದು, ಮಣ್ಣು ಥಾಪಿಗೆ ಅಂಟದೆ ಜಾರತೊಡಗಿದರೆ ಹದ ಬಂತು. ಪೂರ್ತಿ ಗೋಡೆಗೆ ಕೈ ಹಾಕುವ ಮೊದಲು ಹಿತ್ತಲ ಕಡೆ ಅಂಗೈ ಅಗಲ ಮೆತ್ತಿ ಒಣಗಿಸಿ ನೋಡು. ಸೀಳಿದರೆ ಇನ್ನಷ್ಟು ಉಸುಕು, ಹೊಟ್ಟು. ಉಜ್ಜಿದರೆ ಪುಡಿ ಉದುರಿದರೆ ಉಸುಕು ಹೆಚ್ಚಾಯಿತು. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಬೇಕಿಲ್ಲ.

ಅದರ ಮೇಲೆ ಸುಣ್ಣ. ಪ್ಲಾಸ್ಟಿಕ್ ಬಣ್ಣ ಬೇಡ, ಗಾಢ ಬಣ್ಣದ ಟೆಕ್ಸ್ಚರ್ ಮೊದಲೇ ಬೇಡ, ಅದು ಬಿಸಿಲನ್ನು ಕರೆದು ಕೂರಿಸಿಕೊಳ್ಳುತ್ತದೆ. ಬಿಳಿ ಸುಣ್ಣ ಬಿಸಿಲನ್ನು ಹೊರಗೇ ತಿರುಗಿಸಿ ಕಳಿಸುತ್ತದೆ. ಸುಣ್ಣದ ಕಸುವು ನೋಡಬೇಕಾದರೆ ಒಂದು ಭಾನುವಾರ ಕಿತ್ತೂರು ಕೋಟೆಗೆ ಹೋಗಿ ಬಾ. ಶಾಲೆಯ ಪ್ರವಾಸದಲ್ಲಿ ಹೋದಾಗ ಚನ್ನಮ್ಮನ ಕಥೆ ಕೇಳಿ, ಧ್ರುವತಾರೆ ನೋಡುವ ಕಿಂಡಿಗೆ ಕಣ್ಣಿಟ್ಟು ಬಂದಿರುತ್ತೀ. ಈ ಸಲ ಗೋಡೆ ನೋಡು. 1824ರ ಕಾಳಗ ಕಂಡ ಅರಮನೆಯ ಗೋಡೆಗಳು ಸೂರಿಲ್ಲದೆ ಮಳೆಗಾಲ ಕಳೆಯುತ್ತಲೇ ಬಂದಿವೆ. ಗಚ್ಚು ಎಲ್ಲಿ ಉಳಿದಿದೆ, ಎಲ್ಲಿ ಸವೆದಿದೆ ಎಂದು ಗಮನಿಸು. ನೆತ್ತಿಯ ಮೇಲೆ ಮಳೆ ನೇರ ಬೀಳುವ ಜಾಗಕ್ಕೂ ಗೂಡಿನ ಒಳಮಗ್ಗುಲಿಗೂ ಇರುವ ಅಂತರ ನೋಡಿದರೆ ನಾನು ದೋಣಿಗೆ ಯಾಕೆ ಇಷ್ಟು ಗಂಟು ಬಿದ್ದಿದ್ದೇನೆ ಎಂದು ತಿಳಿಯುತ್ತದೆ.

ಆ ಕಾಲದ ಸುಣ್ಣಕ್ಕೆ ದೂರ ಹೋಗಬೇಕಿರಲಿಲ್ಲ. ಎರೆ ಹೊಲ ಹರಗುವಾಗ ಸಿಗುವ ಸುಣ್ಣದ ಹರಳನ್ನು ಆರಿಸಿ ಸುಟ್ಟು, ಎತ್ತು ಕಟ್ಟಿದ ಗಾಣದಲ್ಲಿ ಉಸುಕಿನ ಜೊತೆ ಅರೆಯುತ್ತಿದ್ದರು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸುತ್ತಿದ್ದರು. ನಮ್ಮ ಮೂಡಣಕ್ಕೆ ಲೋಕಾಪುರ, ಕಲಾದಗಿ ಕಡೆ ನೆಲದಡಿ ಇರುವುದೆಲ್ಲ ಸುಣ್ಣದ ಕಲ್ಲೇ. ಆ ಸೀಮೆಯ ಕಲ್ಲು ಈಗ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಸುಣ್ಣ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಳು ಬೇಕು. ಆ ನಿಧಾನವೇ ಅದರ ಗುಣ. ಎಳೆಯಂಥ ಸೀಳು ಬಿಟ್ಟರೆ, ಮಳೆನೀರು ಒಂದಿಷ್ಟು ಸುಣ್ಣವನ್ನು ಕರಗಿಸಿ ತಂದು ಅದೇ ಸೀಳಿನಲ್ಲಿ ಬಿಡುತ್ತದೆ, ಸೀಳು ತಾನಾಗಿ ಕೂಡಿಕೊಳ್ಳುತ್ತದೆ. ಸಿಮೆಂಟಿಗೆ ಅಷ್ಟು ತಾಳ್ಮೆ ಇಲ್ಲ.

ಸಿಮೆಂಟನ್ನು ಪೂರಾ ಬೈದೆ ಎಂದುಕೊಳ್ಳಬೇಡ. ನಿಮ್ಮಪ್ಪ ಕಟ್ಟಿಸಿದ ಹಿಂದಿನ ಕೋಣೆಗಳು ಇಟ್ಟಂಗಿಯವು, ಅವಕ್ಕೆ ಸಿಮೆಂಟೇ ಸರಿ. ಆದರೆ ಎಲ್ಲ ಕೆತ್ತುವುದು ಯಾಕೆ? ಒಂದು ಸಣ್ಣ ಕಲ್ಲು ತೆಗೆದುಕೊಂಡು ಗೋಡೆಯುದ್ದಕ್ಕೂ ಬಡಿಯುತ್ತ ಹೋಗು. ಗಟ್ಟಿ ಸದ್ದು ಬಂದಲ್ಲಿ ಕೈ ಹಚ್ಚಬೇಡ. ಡಬ್ಬಿಯಂತೆ ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆ. ಕೆತ್ತಬೇಕಾದದ್ದು ಆ ಗೆರೆಯೊಳಗಿನದು ಮಾತ್ರ. ಅದನ್ನು ಚೌಕವಾಗಿ ಕತ್ತರಿಸಿ, ಇಟ್ಟಂಗಿಯ ಸಂದುಗಳನ್ನು ಕೆರೆದು, ಧೂಳು ಗುಡಿಸಿ, ಹಿಂದಿನ ಸಂಜೆಯೇ ನೀರು ಉಣಿಸಬೇಕು. ಬಾಯಾರಿದ ಇಟ್ಟಂಗಿ ಹೊಸ ಗಿಲಾವಿನ ನೀರನ್ನೆಲ್ಲ ಕುಡಿದುಬಿಡುತ್ತದೆ, ಸಿಮೆಂಟ್ ಹಸಿವೆಯಲ್ಲೇ ಒಣಗುತ್ತದೆ. ಕಂಬವೂ ಗೋಡೆಯೂ ಕೂಡುವಲ್ಲಿ ಚಿಕನ್ ಮೆಶ್ ಬಡಿಸು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು ಬೇಕಾದಷ್ಟಾಯಿತು. ಸಿಮೆಂಟ್ ಹೆಚ್ಚಾದಷ್ಟೂ ಗಟ್ಟಿ ಎಂಬುದು ಮಾಲೀಕರ ನಂಬಿಕೆ, ಹೆಚ್ಚಾದಷ್ಟೂ ಕುಗ್ಗಿ ಸೀಳುತ್ತದೆ ಎಂಬುದು ಗೌಂಡಿಗಳಿಗೆ ಗೊತ್ತು. ಕೊನೆಗೆ ಬರೀ ಸಿಮೆಂಟ್ ಪುಡಿ ಎರಚಿ ಕನ್ನಡಿಯ ಹಾಗೆ ತಿಕ್ಕುತ್ತಾರಲ್ಲ, ಅದನ್ನೂ ಬೇಡ ಅನ್ನು, ಜೇಡರ ಬಲೆಯಂಥ ಸೀಳು ಬರುವುದು ಅದರಿಂದಲೇ.

ಉಸುಕನ್ನು ಗಾಜಿನ ಬಾಟಲಿಯಲ್ಲಿ ಅರ್ಧ ತುಂಬಿ, ನೀರು ಹಾಕಿ ಅಲುಗಾಡಿಸಿ ಒಂದು ರಾತ್ರಿ ಇಡು. ಮೇಲೆ ಕೂತ ರಾಡಿಯ ಪದರ ನೂರಕ್ಕೆ ಎಂಟು ಪಾಲು ಮೀರಿದ್ದರೆ ಆ ಗಾಡಿಯನ್ನು ವಾಪಸು ಕಳಿಸು. ಬೋರಿನ ನೀರನ್ನು ನಾಲಿಗೆಗೆ ಹಚ್ಚಿ ನೋಡು. ಸವಳಾಗಿದ್ದರೆ ಗಿಲಾವಿಗೆ ಬೇಡ, ಕುಡಿಯುವ ನಳದ ನೀರೇ ಆಗಲಿ. ಕಟ್ಟೆಯ ಮೇಲೆ ಮೊಣಕಾಲೆತ್ತರಕ್ಕೆ ಬಿಳಿ ಹಿಟ್ಟು ಬಂದಿದೆಯಲ್ಲ, ಅದು ಉಪ್ಪು. ನೆಲದ ತೇವದ ಜೊತೆ ಏರಿ, ತೇವ ಆರುವಲ್ಲಿ ಹರಳುಗಟ್ಟಿ, ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಮೊರದಲ್ಲಿ ಹಿಡಿದು ಆಚೆ ಚೆಲ್ಲು. ಮಣ್ಣಿನ ಗೋಡೆಯ ಬುಡಕ್ಕೆ ಅಂಗಳದ ಕಾಂಕ್ರೀಟ್ ತಾಗಿಸಬೇಡ. ಗರಸು ಬಡಿದು ಹೊರಕ್ಕೆ ಇಳಿಜಾರು ಕೊಟ್ಟರೆ ಸಾಕು.

ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಮಾತ್ರ ಗಿಲಾವಿನದಲ್ಲ, ನೆಲದ್ದು. ನಮ್ಮ ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರ ಜೊತೆ ತಳಪಾಯವೂ ತುಸು ಆಡುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆದಿಡು. ಒಂದು ಬೇಸಿಗೆ, ಒಂದು ಮಳೆಗಾಲ ನೋಡು. ಗೆರೆ ದಾಟಿ ಬೆಳೆಯುತ್ತಿದ್ದರೆ ಗೌಂಡಿಯನ್ನಲ್ಲ, ಎಂಜಿನಿಯರನ್ನು ಕರೆ. ಬೆಳೆಯದೆ ಬೇಸಿಗೆಗೆ ತೆರೆದು ಮಳೆಗೆ ಮುಚ್ಚುತ್ತಿದ್ದರೆ ಸುಣ್ಣದ ಮೆತ್ತನೆಯ ಗಾರೆಯಿಂದ ತುಂಬಿಸು, ಅದೂ ಕಡು ಬೇಸಿಗೆಯಲ್ಲಿ ಬೇಡ. ಪೂರ್ತಿ ಬಾಯಿ ಬಿಟ್ಟಾಗ ಸಿಮೆಂಟ್ ತುರುಕಿದರೆ ಮಳೆಗಾಲದಲ್ಲಿ ಅದು ಮುಚ್ಚಲು ಜಾಗ ಸಿಗದೆ ಪಕ್ಕದ ಗಿಲಾವನ್ನು ಎಬ್ಬಿಸುತ್ತದೆ. ಪಕ್ಕದ ಬೇವಿನ ಮರದ ಬೇರೇ ಕಾರಣ, ಕಡಿಸಿಬಿಡು ಎಂದು ಯಾರಾದರೂ ಹೇಳಿಯಾರು. ಬೇರು ನೆಲದ ತೇವ ಹೀರುವುದು ನಿಜ. ಆದರೆ ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ ಆ ನೆಲ ಮತ್ತೆ ನೀರು ಕುಡಿದು ಉಬ್ಬಿ ಇನ್ನೊಂದು ಬಿರುಕು ತರುತ್ತದೆ. ಅದು ಪಡುವಣ ಗೋಡೆಗೆ ನೆರಳು ಕೊಟ್ಟುಕೊಂಡು ಇರಲಿ.

ಕೆಲಸ ಈಗಲೇ ಬೇಡ, ಗೋಡೆ ಮಳೆಗಾಲದ ತೇವ ಬಿಟ್ಟುಕೊಳ್ಳಲಿ. ಹೊಸ್ತಿಲ ಹುಣ್ಣಿಮೆ ಆದಮೇಲೆ ಶುರು ಮಾಡಿಸು, ಬನದ ಹುಣ್ಣಿಮೆಯೊಳಗೆ ಮುಗಿಸು. ಆಮೇಲೆ ಅರ್ಧ ಗೌಂಡಿಗಳು ಎಲ್ಲಮ್ಮನ ಗುಡ್ಡಕ್ಕೆ ಹೋಗಿರುತ್ತಾರೆ, ಯಾರೂ ಸಿಗುವುದಿಲ್ಲ. ಚಳಿಗಾಲದ ಮೂಡಗಾಳಿ ತಂಪಾದರೂ ಒಣ ಗಾಳಿ, ಅದಕ್ಕೇ ಸಿಮೆಂಟ್ ಗೋಡೆಗೆ ಗೋಣಿತಟ್ಟು ಇಳಿಬಿಟ್ಟು ಕಡಿಮೆಯೆಂದರೆ ಏಳು ದಿನ, ಸಾಧ್ಯವಾದರೆ ಹತ್ತು ದಿನ ತೇವ ಇರಿಸು. ಗುತ್ತಿಗೆದಾರರು ಇದನ್ನು ಮನೆಯವರ ಕೆಲಸ ಎನ್ನುತ್ತಾರೆ, ಮನೆಯವರು ಗುತ್ತಿಗೆದಾರರ ಕೆಲಸ ಎನ್ನುತ್ತಾರೆ, ಗೋಡೆ ನಡುವೆ ಒಣಗುತ್ತದೆ. ನೀರು ನೀನೇ ಹಾಕು.

ಗುತ್ತಿಗೆದಾರನ ಮೇಲೆ ಸಿಟ್ಟು ಮಾಡಬೇಡ. ಸಿಮೆಂಟ್ ಬಿಟ್ಟು ಬೇರೆ ಕೆಲಸ ಅವನಿಗೆ ಯಾರೂ ಕಲಿಸಿರಲಿಕ್ಕಿಲ್ಲ. ಹಿಂದಿನ ಕೋಣೆಗಳ ಕೆಲಸ ಅವನಿಗೇ ಕೊಡು, ಮುಂದಿನ ಗೋಡೆಗೆ ಬೇರೆ ಆಳು. ಸವದತ್ತಿ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಕೆಲಸ ಬಲ್ಲ ಹಿರಿಯರು ಇನ್ನೂ ಇದ್ದಾರೆ, ನಾನು ವಿಚಾರಿಸಿ ಇಡುತ್ತೇನೆ. ಮಣ್ಣು ತುಳಿಯುವ ದಿನ ತಿಳಿಸು, ಬೆಳಗಿನ ಬಸ್ಸಿಗೆ ಬರುತ್ತೇನೆ. ಕಾಕು ಬರುವುದಿಲ್ಲ, ಅಂಟಿನ ಉಂಡಿ ಕಳಿಸುತ್ತಾಳೆ.

ಇಂತಿ ನಿನ್ನ
ಕಾಕಾ

ತಾ.ಕ.: ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ಇಳಿಸಿಕೊಳ್ಳಬೇಡ.