ಒಂದೇ ಅಡಿಕೆ, ಊರಿಗೊಂದು ಹವೆ

ಮೇ ತಿಂಗಳಿನಲ್ಲಿ ವಾಯುವ್ಯ ಭಾರತದ ಉಷ್ಣತೆ 45 ಡಿಗ್ರಿ ಮುಟ್ಟಿತೆಂಬ ವಾರ್ತೆಯನ್ನು ರೇಡಿಯೋದಲ್ಲಿ ಕೇಳುವ ವಿಟ್ಲದ ಕೃಷಿಕನಿಗೆ ಆಶ್ಚರ್ಯವಾಗುವುದು ಸಹಜ. ಅವನ ಜಗಲಿಯ ಉಷ್ಣತಾಮಾಪಕ 34 ಅಥವಾ 35 ಡಿಗ್ರಿ ತೋರಿಸುತ್ತಿರುತ್ತದೆ. ಆದರೂ ಅಂಗಿ ಬೆವರಿನಿಂದ ತೊಯ್ದಿರುತ್ತದೆ. ರಾಜಸ್ಥಾನದ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕರಾವಳಿಯಲ್ಲಿ ಅಷ್ಟು ಕಾವು ಎಂದೂ ಬರುವುದಿಲ್ಲ. ಆದರೆ ಅಲ್ಲಿಯ ಗಾಳಿ ಒಣಗಿರುವುದರಿಂದ ಬೆವರು ಬಂದ ಕೂಡಲೇ ಆರಿ ಮೈಯನ್ನು ತಂಪು ಮಾಡುತ್ತದೆ. ಇಲ್ಲಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಹೀಗಾಗಿ ಉಷ್ಣತೆಯ ಅಂಕಿಯೊಂದನ್ನೇ ಹಿಡಿದು ಒಂದು ಊರಿನ ಹವೆಯನ್ನು ಅಳೆಯಲಾಗದು. ಮನುಷ್ಯನ ಮೈಗೆ ಅನ್ವಯಿಸುವ ಈ ಮಾತು ಬೆಳೆಗೂ ಅನ್ವಯಿಸುತ್ತದೆ.

ನಮ್ಮ ದೇಶವು ಉತ್ತರ ಅಕ್ಷಾಂಶ 8 ಡಿಗ್ರಿಯಿಂದ 37 ಡಿಗ್ರಿಯವರೆಗೆ ಹರಡಿದೆ. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆಯಾದರೆ ಮೇಘಾಲಯದ ಮೌಸಿನ್‌ರಾಮ್‌ನಲ್ಲಿ 11,000 ಮಿಲಿಮೀಟರಿಗೂ ಹೆಚ್ಚು. ಇವು ಶಾಲೆಯ ಪುಸ್ತಕದಲ್ಲಿ ಓದಿದ ಸಂಗತಿಗಳೇ. ತೋಟಗಾರನಿಗೆ ಬೇಕಾದದ್ದು ಇದಕ್ಕಿಂತ ಹತ್ತಿರದ ವಿಷಯ. ತುಮಕೂರಿನ ನೆಂಟರು ಹೇಳಿದ ನೀರಿನ ಲೆಕ್ಕ ವಿಟ್ಲದ ತೋಟಕ್ಕೆ ಹೊಂದುತ್ತದೆಯೇ? ಕಳೆದ ವರ್ಷ ಮದ್ದು ಬಿಟ್ಟ ತಾರೀಕು ಈ ವರ್ಷಕ್ಕೆ ಸರಿಯೇ? ಈ ಪ್ರಶ್ನೆಗಳಿಗೆ ಉತ್ತರ ತಪ್ಪಿದರೆ ಹೋಗುವುದು ಒಂದು ವರ್ಷದ ಫಸಲು.

ಇದನ್ನು ತಿಳಿಯಲು ಅಡಿಕೆಯೇ ಒಳ್ಳೆಯ ಅಳತೆಗೋಲು. ವಿಟ್ಲದಲ್ಲಿ 1956ರಲ್ಲಿ ಕೇಂದ್ರ ಅಡಿಕೆ ಸಂಶೋಧನಾ ಕೇಂದ್ರವು ಆರಂಭವಾಯಿತು. 1970ರಲ್ಲಿ ಅದು ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಯಿತು. ಅಡಿಕೆಯ ಸಂಶೋಧನೆ ವಿಟ್ಲವೊಂದರಲ್ಲೇ ನಡೆಯಲಿಲ್ಲ. ತುಮಕೂರಿನ ಬಳಿಯ ಹಿರೇಹಳ್ಳಿ, ಪಶ್ಚಿಮ ಬಂಗಾಳದ ಮೋಹಿತ್‌ನಗರ, ಅಸ್ಸಾಮಿನ ಕಾಹಿಕುಚಿಗಳಲ್ಲಿಯೂ ನಡೆಯಿತು. ಒಂದೇ ಮರವು ನಾಲ್ಕು ಬಗೆಯ ಹವೆಯಲ್ಲಿ ಬೆಳೆಯುತ್ತಿದ್ದುದೇ ಇದಕ್ಕೆ ಕಾರಣ.

ಕಾವಿನ ಏರಿಳಿತ

ಅಡಿಕೆಗೆ 14ರಿಂದ 36 ಡಿಗ್ರಿಯವರೆಗಿನ ಉಷ್ಣತೆ ಒಗ್ಗುತ್ತದೆ. ವಿಟ್ಲದಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಈ ಮಿತಿಯೊಳಗೇ ಇರುತ್ತದೆ. ಇಲ್ಲಿಂದ ಸಮುದ್ರದ ನೇರ ದೂರ 30 ಕಿಲೋಮೀಟರನ್ನು ಮೀರದು. ಒಲೆಯ ಮೇಲಿಟ್ಟ ಕಾವಲಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಂಡೆಯ ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ನೆಲವು ಕಾವಲಿಯಂತೆ, ಕಡಲು ಹಂಡೆಯಂತೆ. ಕಡಲಿನ ನೆರೆಯಲ್ಲಿರುವ ಊರುಗಳಲ್ಲಿ ಚಳಿಗಾಲ ಬೇಸಗೆಗಳ ನಡುವಿನ ಅಂತರ ಕಡಿಮೆಯಾಗಲು ಇದೇ ಕಾರಣ.

ದೆಹಲಿಯಲ್ಲಿ ಜನವರಿಯ ಸರಾಸರಿ ಉಷ್ಣತೆ 14 ಡಿಗ್ರಿಯ ಆಸುಪಾಸಿನಲ್ಲಿದ್ದು ಜೂನ್‌ನಲ್ಲಿ 33 ಡಿಗ್ರಿಗೇರುತ್ತದೆ. ಜೂನ್‌ನಲ್ಲಿ ಅಲ್ಲಿ ಹಗಲು ಸುಮಾರು 14 ಗಂಟೆ; ವಿಟ್ಲದಲ್ಲಿ 13 ಗಂಟೆಗೂ ಸ್ವಲ್ಪ ಕಡಿಮೆ. ಮೋಡವಿಲ್ಲದ ಆಕಾಶ, ಒಣ ನೆಲ, ದೂರದ ಕಡಲು ಇವೆಲ್ಲ ಸೇರಿ ಅಲ್ಲಿ ಕಾವು ಏರುತ್ತದೆ. ಮಂಗಳೂರಿನಲ್ಲಿ ಅತಿ ತಂಪಿನ ತಿಂಗಳಿಗೂ ಅತಿ ಬಿಸಿಯ ತಿಂಗಳಿಗೂ ಇರುವ ಸರಾಸರಿ ವ್ಯತ್ಯಾಸ ನಾಲ್ಕು ಡಿಗ್ರಿಯ ಸುತ್ತಮುತ್ತ ಮಾತ್ರ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬಹುದು. ಕರಾವಳಿಯಲ್ಲಿ ಜನವರಿಯ ಮಧ್ಯಾಹ್ನ 33 ಡಿಗ್ರಿಯಿದ್ದರೆ ಆಟಿ ತಿಂಗಳ ಮಧ್ಯಾಹ್ನ 29 ಡಿಗ್ರಿ ಮಾತ್ರ. ಇಲ್ಲಿನ ಚಳಿಗಾಲವೆಂಬುದು ರಾತ್ರಿಗೆ ಸೇರಿದ್ದು. ಹಗಲಿನ ತಂಪು ಮಳೆಗಾಲದ ಮೋಡದಿಂದ ಬರುವಂಥದ್ದು. ಆಗಸ್ಟ್ ಮೂರನೆಯ ವಾರದಲ್ಲಿ ಸೂರ್ಯ ವಿಟ್ಲದ ನೆತ್ತಿಯ ಮೇಲೆಯೇ ಹಾದುಹೋದರೂ ಮೋಡ ಮುಸುಕಿದ್ದರಿಂದ ಯಾರಿಗೂ ಅದರ ಅರಿವಾಗುವುದಿಲ್ಲ.

ಕಾಹಿಕುಚಿಯ ಸಂಗತಿ ಬೇರೆ. ಗುವಾಹಟಿ ಪ್ರದೇಶದಲ್ಲಿ ಜನವರಿಯ ರಾತ್ರಿ ಉಷ್ಣತೆ 10–11 ಡಿಗ್ರಿಗೆ ಇಳಿಯುತ್ತದೆ. ಅಂದರೆ ಅಡಿಕೆಗೆ ಒಗ್ಗುವ ಕೆಳಗಿನ ಮಿತಿಯನ್ನು ದಾಟುತ್ತದೆ, ಮರದ ಬೆಳವಣಿಗೆ ಕುಂಠಿತವಾಗುತ್ತದೆ. ಎತ್ತರವೂ ಹೀಗೆಯೇ ಕೆಲಸ ಮಾಡುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ವಿಟ್ಲಕ್ಕಿಂತ ಸಾವಿರ ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿ ಕಾಫಿಯ ನಾಡಾದುದು ಇದರಿಂದಲೇ. ಕಡಲಿನಿಂದ ದೂರವಿದ್ದರೂ ತುಮಕೂರು ರಾಯಚೂರಿನಷ್ಟು ಬೇಯುವುದಿಲ್ಲ. ಅದಕ್ಕೂ 800 ಮೀಟರ್ ಎತ್ತರದ ನೆರವಿದೆ.

ಘಟ್ಟದ ಈಚೆ, ಘಟ್ಟದ ಆಚೆ

ಕಡಲಿನಿಂದ ಬರುವ ತೇವದ ಗಾಳಿಯು ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ತಣಿದು ಮಳೆ ಸುರಿಸುತ್ತದೆ. ಆದ್ದರಿಂದ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ಚಾರ್ಮಾಡಿಯ ಬುಡಕ್ಕೆ ಹೋದಂತೆ ಮಳೆ ಹೆಚ್ಚುತ್ತದೆ. ಘಟ್ಟ ದಾಟಿದ ಗಾಳಿ ಕೆಳಗಿಳಿಯುವಾಗ ಬಿಸಿಯಾಗುತ್ತದೆ, ಒಣಗುತ್ತದೆ. ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೆ ಅದೇ ಗಾಳಿ ಪೂರ್ವಕ್ಕೆ ಸಾಗಿ ಕಡೂರು, ಚಳ್ಳಕೆರೆ ತಲಪುವಾಗ ಬರಿಗೈಯಾಗಿರುತ್ತದೆ. ಒಂದು ಹಗಲಿನ ಬಸ್ ಪ್ರಯಾಣದಲ್ಲಿ ಇಷ್ಟೊಂದು ವ್ಯತ್ಯಾಸ ಕಾಣುವ ಪ್ರದೇಶಗಳು ದೇಶದಲ್ಲಿ ವಿರಳ.

ಒಟ್ಟು ಮಳೆಯಷ್ಟೇ ಅಲ್ಲ, ಮಳೆ ಬೀಳುವ ಕಾಲವೂ ಬೇರೆ. ವಿಟ್ಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿದ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ತುಮಕೂರಿನ ಕಡೆ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳೇ ಮಳೆಯ ಮುಖ್ಯ ಕಾಲ. ಅಸ್ಸಾಮಿನಲ್ಲಿ ಏಪ್ರಿಲ್‌ನಲ್ಲೇ ಗುಡುಗುಮಳೆ ಚೆನ್ನಾಗಿ ಬೀಳತೊಡಗುವುದರಿಂದ ಅಲ್ಲಿಯ ತೋಟಕ್ಕೆ ಒಣಗಾಲ ಮಾರ್ಚ್‌ಗೆ ಮುಗಿಯುತ್ತದೆ. ವಿಟ್ಲದಲ್ಲಿ ಅತಿ ಕಷ್ಟದ ದಿನಗಳು ಆಗಷ್ಟೇ ಆರಂಭವಾಗುತ್ತವೆ.

ಮರವೊಂದರ ಪಾಲಿನ ನೀರು

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟಾಗ ಒಂದು ಮರದ ಪಾಲಿಗೆ ಸುಮಾರು 7.3 ಚದರ ಮೀಟರ್ ನೆಲ ಬರುತ್ತದೆ. ವಿಟ್ಲದ ಮಳೆಯನ್ನು 3,500 ಮಿಲಿಮೀಟರ್ ಎಂದು ಹಿಡಿದರೆ ಪ್ರತಿ ಮರದ ಪಾಲಿಗೆ ವರ್ಷಕ್ಕೆ 25,000 ಲೀಟರಿಗೂ ಹೆಚ್ಚು ನೀರು ಆಕಾಶದಿಂದ ಬೀಳುತ್ತದೆ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಡಿಸೆಂಬರ್‌ನಿಂದ ಮೇವರೆಗಿನ ಆರು ತಿಂಗಳಿಗೆ ಇದು ಹೆಚ್ಚೆಂದರೆ 3,600 ಲೀಟರ್. ಬಿದ್ದ ನೀರಿನ ಏಳರಲ್ಲಿ ಒಂದು ಪಾಲೂ ಬೇಕಾಗಿಲ್ಲ! ಆದರೂ ಏಪ್ರಿಲ್ ಬಂತೆಂದರೆ ಕೆರೆ ಬತ್ತುತ್ತದೆ, ಸುರಂಗದ ನೀರು ಬೆರಳು ಗಾತ್ರಕ್ಕಿಳಿಯುತ್ತದೆ, ಸೋಗೆ ಜೋತುಬೀಳುತ್ತದೆ.

ತುಮಕೂರಿನ 700 ಮಿಲಿಮೀಟರ್ ಮಳೆಯಲ್ಲಿ ಅದೇ ಮರದ ಪಾಲಿಗೆ ಬರುವುದು 5,100 ಲೀಟರ್ ಮಾತ್ರ. ಅಲ್ಲಿಯ ರೈತನು ಕೆರೆಯ ಅಚ್ಚುಕಟ್ಟನ್ನೋ ಕೊಳವೆಬಾವಿಯನ್ನೋ ನಂಬಿ ತೋಟ ಮಾಡುತ್ತಾನೆ. ನೀರಿನ ಕೊರತೆ ಅವನಿಗೆ ಮೊದಲೇ ತಿಳಿದಿರುತ್ತದೆ. ಕರಾವಳಿಯ ಕೃಷಿಕನಿಗೆ ಮಳೆ ಹೆಚ್ಚೆಂಬ ಧೈರ್ಯವಿದೆ, ಆ ಧೈರ್ಯವೇ ಕೆಲವೊಮ್ಮೆ ಮೋಸ ಮಾಡುತ್ತದೆ. ಇಲ್ಲಿ ಅಭಾವವಿರುವುದು ಮಳೆಗಲ್ಲ, ಮಳೆಯನ್ನು ಆರು ತಿಂಗಳು ಹಿಡಿದಿಡುವ ವ್ಯವಸ್ಥೆಗೆ. ತೋಡಿಗೆ ಹಿಂದಿನವರು ಕಟ್ಟುತ್ತಿದ್ದ ಕಟ್ಟಗಳನ್ನು ಕೊಳವೆಬಾವಿ ಬಂದ ಮೇಲೆ ಹಲವು ಕಡೆ ಕೈಬಿಡಲಾಯಿತು. ಇದು ಲಾಭದ ಬದಲಾವಣೆಯೆಂದು ಹೇಳುವುದು ಕಷ್ಟ.

ಗಾಳಿಯ ತೇವ ಕಡಿಮೆಯಾದಷ್ಟೂ ಎಲೆಯಿಂದ ನೀರು ಆವಿಯಾಗುವುದು ಹೆಚ್ಚು. ನೀರು ಹಾಯಿಸುವ ತೋಟದಲ್ಲಿ ನವೆಂಬರ್–ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಎಂಬ ಶಿಫಾರಸು ಇದನ್ನೇ ಆಧರಿಸಿದೆ. ಇದೇ ಕಾಲದಲ್ಲಿ ನೈಋತ್ಯದ ಇಳಿಬಿಸಿಲು ಎಳೆಯ ಮರದ ಕಾಂಡವನ್ನು ಸುಡುತ್ತದೆ. ಸಾಲುಗಳನ್ನು ಉತ್ತರ–ದಕ್ಷಿಣ ರೇಖೆಯಿಂದ 35 ಡಿಗ್ರಿಯಷ್ಟು ಪಶ್ಚಿಮಕ್ಕೆ ಓರೆಯಾಗಿಸಿ ನೆಟ್ಟರೆ ಮರಗಳು ಒಂದಕ್ಕೊಂದು ನೆರಳಾಗುತ್ತವೆ. ಈಗಾಗಲೇ ನೆಟ್ಟ ತೋಟದಲ್ಲಿ ಕಾಂಡಕ್ಕೆ ಹಾಳೆ ಅಥವಾ ಸೋಗೆ ಕಟ್ಟುವುದೇ ಉಪಾಯ.

ಕೊಳೆರೋಗಕ್ಕೆ ತಾರೀಕು ತಿಳಿಯದು

ಹವೆಯ ವ್ಯತ್ಯಾಸವು ಅತ್ಯಂತ ದುಬಾರಿಯಾಗಿ ಕಾಣುವುದು ಕೊಳೆರೋಗದಲ್ಲಿ. ಈ ರೋಗದ ಶಿಲೀಂಧ್ರಕ್ಕೆ 20ರಿಂದ 23 ಡಿಗ್ರಿ ಉಷ್ಣತೆ, ತುಂಬಿದ ತೇವ, ನಡುನಡುವೆ ಬಿಸಿಲು ಬಂದು ಹೋಗುವ ಮಳೆ ಬಹಳ ಹಿತ. ಕರಾವಳಿಯ ಮಳೆಗಾಲವೆಂದರೆ ಇದೇ ಆಗಿದೆ. ಮೈದಾನದ ಸೀಮೆಯಲ್ಲಿ ಈ ರೋಗ ವಿರಳ; ಅಲ್ಲಿಯ ಚಿಂತೆಗಳು ನೀರು, ಬಿಸಿಲು, ನುಸಿ. ಕರಾವಳಿಯಲ್ಲಿ ಮದ್ದು ಬಿಡದ ತೋಟದ ನಷ್ಟವು ಫಸಲಿನ ಹತ್ತನೆಯ ಒಂದು ಪಾಲಿನಿಂದ ಹಿಡಿದು ಹೆಚ್ಚುಕಡಿಮೆ ಇಡೀ ಫಸಲಿನವರೆಗೂ ಹೋಗಬಹುದು.

ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಹಾಗೂ ಒಂದು ಕಿಲೋ ಸುಣ್ಣ ಸೇರಿಸಿದ್ದನ್ನು, ಮುಂಗಾರು ಹಿಡಿಯುವ ಮೊದಲೇ ಗೊನೆಗಳಿಗೆ ಸಿಂಪಡಿಸಬೇಕು. ಎರಡನೆಯದು 40–45 ದಿನಗಳ ಬಳಿಕ. ಮಳೆ ಎಡೆಬಿಡದೆ ಮುಂದುವರಿದರೆ, ಅದರಲ್ಲೂ ಘಟ್ಟದ ಬುಡದ ಗ್ರಾಮಗಳಲ್ಲಿ, ಮೂರನೆಯದೂ ಬೇಕಾಗುತ್ತದೆ. ಗೊನೆ ಒಣಗಿದ್ದಾಗ ಬಿಟ್ಟ ಮದ್ದು ಮಾತ್ರ ಹಿಡಿಯುತ್ತದೆ.

ಕಷ್ಟವಿರುವುದು 'ಮುಂಗಾರಿನ ಮೊದಲು' ಎಂಬ ಮಾತಿನಲ್ಲಿ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಕೆಲವೇ ದಿನಗಳಲ್ಲಿ ದಕ್ಷಿಣ ಕನ್ನಡಕ್ಕೆ. ಆದರೆ 2023ರಲ್ಲಿ ಅದು ಕೇರಳ ತಲಪಿದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ, ಹೆಚ್ಚುಕಡಿಮೆ ಪತ್ತನಾಜೆಯಂದೇ. ಎರಡು ವರ್ಷಗಳ ನಡುವೆ ಹದಿನೈದು ದಿನಗಳ ಅಂತರ. ಜೂನ್ ಮೊದಲ ವಾರವೆಂದು ನಿಶ್ಚಿಂತೆಯಿಂದಿದ್ದವರಿಗೆ 2025ರಲ್ಲಿ ಮೊದಲ ಸಿಂಪರಣೆಗೆ ಒಣ ದಿನಗಳು ದೊರೆಯುವುದೇ ಕಷ್ಟವಾಯಿತು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಜಾರುವ ಮರ ಏರುವ ಅಪಾಯ ತಪ್ಪಿದೆ, ನಿಜ. ಆದರೆ ದೋಟಿಯು ಒದ್ದೆ ಗೊನೆಯನ್ನು ಒಣಗಿಸಿ ಕೊಡುವುದಿಲ್ಲ. ಮೇ 15ರಿಂದಲೇ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ದಿನವೂ ಗಮನಿಸಿ, ಮೈಲುತುತ್ತ ಸುಣ್ಣಗಳನ್ನು ಮೊದಲೇ ತಂದಿಟ್ಟು, ಮದ್ದು ಬಿಡುವವರನ್ನು ಮುಂಚಿತವಾಗಿ ಗೊತ್ತುಪಡಿಸುವುದು ಕ್ಷೇಮ.

ದೂರದ ಹವೆಯೂ ಕೆಲವೊಮ್ಮೆ ಅಂಗಳಕ್ಕೆ ಬರುತ್ತದೆ. ಚಾಲಿ ಅಡಿಕೆಗೆ 40–45 ದಿನಗಳ ಬಿಸಿಲು ಬೇಕು. ಕರಾವಳಿಯ ಡಿಸೆಂಬರ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆದರೆ 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲ ಸೇರಿದ ಫೆಂಗಲ್ ಚಂಡಮಾರುತದ ಶೇಷವು ಘಟ್ಟ ದಾಟಿ ಬಂದು ಡಿಸೆಂಬರ್ ಮೊದಲ ವಾರದಲ್ಲಿ ದಕ್ಷಿಣ ಕನ್ನಡದಲ್ಲಿ ಮಳೆ ಸುರಿಸಿತು. ಬಂಗಾಳ ಕೊಲ್ಲಿಯ ವಾರ್ತೆಯನ್ನು ಕೇಳಿ ಅಂಗಳದ ಅಡಿಕೆಗೆ ಪ್ಲಾಸ್ಟಿಕ್ ಹೊದಿಕೆ ಸಿದ್ಧಪಡಿಸಿಕೊಂಡವರಿಗೆ ಅದು ಉಪಯೋಗಕ್ಕೆ ಬಂತು.

ಬೈಲು, ಮಜಲು, ಬೆಟ್ಟು

ಇಷ್ಟೆಲ್ಲ ವ್ಯತ್ಯಾಸಗಳ ಚಿಕ್ಕ ಮಾದರಿಯೊಂದು ಪ್ರತಿ ಮನೆಯ ಸುತ್ತಲೂ ಇದೆ. ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ನೀರಿನ ಅನುಕೂಲ ನೋಡಿ. ಹವೆಯ ವಿಂಗಡಣೆಯೂ ಅದರಲ್ಲಿ ಅಡಗಿದೆ. ಡಿಸೆಂಬರ್ ರಾತ್ರಿಯಲ್ಲಿ ತಣ್ಣನೆಯ ಗಾಳಿ ಭಾರವಾಗಿ ಗುಡ್ಡೆಯಿಂದಿಳಿದು ಬೈಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಇಬ್ಬನಿ ಹೆಚ್ಚು. ಮಳೆಗಾಲದಲ್ಲಿ ಗಾಳಿಯಾಡದ ಇಕ್ಕಟ್ಟಿನ ತೋಟದ ಗೊನೆಗಳು ಬೇಗ ಒಣಗುವುದಿಲ್ಲ. ಕೊಳೆರೋಗ ಮೊದಲು ಕಾಣಿಸುವುದು ಅಂಥ ಮೂಲೆಯಲ್ಲಿ. ಮದ್ದು ಬಿಡುವುದನ್ನು ಅಲ್ಲಿಂದಲೇ ಆರಂಭಿಸಬೇಕು. ನೀರು ಹಾಯಿಸುವುದನ್ನಾದರೆ ಬೆಟ್ಟಿನ ಕಡೆಯಿಂದ.

ತಳಿಯ ವಿಷಯದಲ್ಲಿಯೂ ಈ ಎಚ್ಚರ ಬೇಕು. 1972ರಲ್ಲಿ ಬಿಡುಗಡೆಯಾದ ಮಂಗಳ ತಳಿಯ ಮೂಲ ಚೀನಾ. ಮೋಹಿತ್‌ನಗರ ತಳಿಯ ಮೂಲ ಅದರ ಹೆಸರಿನಲ್ಲೇ ಇದೆ. ಎರಡೂ ಇಲ್ಲಿ ಬೆಳೆಯುತ್ತಿವೆ. ಆದರೆ ಅವುಗಳಿಗೆ ನೀರು, ನೆರಳು, ಮದ್ದು ಕೊಡುವ ಕಾಲವನ್ನು ವಿಟ್ಲದ ಹವೆಯೇ ನಿರ್ಧರಿಸುತ್ತದೆ.

ದಕ್ಷಿಣ ಕನ್ನಡದ ಹಲವು ಕೃಷಿಕರು ದಶಕಗಳಿಂದ ಮನೆಯಲ್ಲೇ ಮಳೆಯ ದಾಖಲೆ ಇಟ್ಟಿದ್ದಾರೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಮರ, ಮಾಡುಗಳಿಂದ ದೂರವಾಗಿ ತೆರೆದ ಜಾಗದಲ್ಲಿ ಮಳೆಮಾಪಕವನ್ನು ಮಟ್ಟಸವಾಗಿ ನಿಲ್ಲಿಸಬೇಕು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು, ಮಳೆಯಿಲ್ಲದ ದಿನ ಸೊನ್ನೆಯನ್ನೂ ತಪ್ಪದೆ ಬರೆಯಬೇಕು. ಅದೇ ಪುಸ್ತಕದಲ್ಲಿ ಮದ್ದು ಬಿಟ್ಟ ದಿನ, ಕೊಳೆತ ಅಡಿಕೆ ಮೊದಲು ಉದುರಿದ ದಿನ, ಕೆರೆಯ ನೀರು ಕೊನೆಯ ಮೆಟ್ಟಿಲಿಗಿಳಿದ ದಿನಗಳನ್ನು ಗುರುತಿಸಿಕೊಂಡರೆ ಐದಾರು ವರ್ಷಗಳಲ್ಲಿ ಆ ತೋಟಕ್ಕೇ ಹೊಂದುವ ಪಂಚಾಂಗವೊಂದು ಸಿದ್ಧವಾಗುತ್ತದೆ. ವಿಸ್ತರಣಾ ಕಾರ್ಯಕರ್ತರು ಗ್ರಾಮಕ್ಕೆ ಹೋದಾಗ ಮೊದಲು ಕೇಳಿ ನೋಡಬೇಕಾದ ಪುಸ್ತಕ ಇದು.